ನಡುರಾತ್ರಿಯ ವಾಸನೆ, ಹಗಲಿನ ವರದಿ

ಪ್ರಶ್ನೆ: ಕೋಲಾರ ಜಿಲ್ಲೆಯಲ್ಲಿ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಹಳ್ಳಿ ನಮ್ಮದು. ಎರಡು ಎಕರೆ ಹಿಪ್ಪುನೇರಳೆ ತೋಟ, ನಾಲ್ಕು ಹಸು ಇವೆ. ಪಕ್ಕದ ರಾಸಾಯನಿಕ ಕಾರ್ಖಾನೆಯಿಂದ ರಾತ್ರಿ ಹೊತ್ತು ಬಣ್ಣದ ಅಂಗಡಿಯಂಥ ವಾಸನೆ, ಕೆಲವು ದಿನ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ. ಈಚೆಗೆ ನಮ್ಮ ಕೊಳವೆಬಾವಿಯ ನೀರಿಗೂ ವಾಸನೆ ಹತ್ತಿದೆ. ದೂರು ಕೊಟ್ಟರೆ ಹಗಲಿನಲ್ಲಿ ಬಂದು ನೋಡಿ, ‘ಎಲ್ಲವೂ ಮಿತಿಯೊಳಗಿದೆ’ ಎಂದು ಬರೆದು ಹೋಗುತ್ತಾರೆ. ಈಗ ಕಾರ್ಖಾನೆಯನ್ನು ವಿಸ್ತರಿಸುತ್ತಾರಂತೆ. ಪ್ರಶ್ನಿಸಿದರೆ ‘ಊರಿನ ಹುಡುಗರ ಅನ್ನಕ್ಕೆ ಮಣ್ಣು ಹಾಕುತ್ತೀರಿ’ ಎನ್ನುತ್ತಾರೆ. ಮಗಳು ಬಾಣಂತನಕ್ಕೆ ಬಂದಿದ್ದಾಳೆ. ನೀರು ಕಾಯಿಸಿ ಕೊಡುತ್ತಿದ್ದೇವೆ, ಸಾಕೇ? ‘ಪರಿಸರ ನ್ಯಾಯ’ ಎಂಬ ಮಾತು ಕೇಳಿದ್ದೇನೆ. ನಮ್ಮಂಥವರಿಗೆ ಅದರಿಂದ ಏನಾದರೂ ಆಗುತ್ತದೆಯೇ?
– ಒಬ್ಬ ರೇಷ್ಮೆ ಬೆಳೆಗಾರ್ತಿ

ಉತ್ತರ: ಅಮ್ಮ, ಮನೆಯಲ್ಲಿ ಹಸುಗೂಸಿದೆ, ಆದ್ದರಿಂದ ಮೊದಲು ನೀರಿನ ಮಾತು. ಕಾಯಿಸಿದರೆ ಸಾಲದು. ಕಾಯಿಸುವುದರಿಂದ ಸಾಯುವುದು ಕ್ರಿಮಿಗಳು ಮಾತ್ರ. ನೀರಿನಲ್ಲಿ ರಾಸಾಯನಿಕ ದ್ರಾವಕ, ಅಂದರೆ ಬೇರೆ ವಸ್ತುಗಳನ್ನು ಕರಗಿಸಲು ಬಳಸುವ ದ್ರವ, ಬೆರೆತಿದ್ದರೆ ಅದು ಆವಿಯಾಗಿ ಮನೆಯೊಳಗಿನ ಗಾಳಿಗೆ ಸೇರುತ್ತದೆ. ಬಾಣಂತಿಗೆ ಬಿಸಿನೀರು ಹುಯ್ಯುವ ಬಚ್ಚಲು ಚಿಕ್ಕದು, ಗಾಳಿ ಆಡಬಾರದೆಂದು ಕಿಟಕಿಯನ್ನೂ ಮುಚ್ಚಿರುತ್ತೀರಿ. ಅಲ್ಲಿ ಆ ಆವಿಯನ್ನು ತಾಯಿ ಮಗು ಇಬ್ಬರೂ ಉಸಿರಾಡುತ್ತಾರೆ. ಲೋಹ, ಲವಣಗಳಿದ್ದರೆ ಅವು ಕಾಯಿಸಿದ ನೀರಿನಲ್ಲೇ ಉಳಿಯುತ್ತವೆ, ನೀರು ಇಂಗಿದಷ್ಟೂ ಗಾಢವಾಗುತ್ತವೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಅದೇ ಕೊಳವೆಬಾವಿಯ ನೀರನ್ನು ಎತ್ತುತ್ತಿದ್ದರೆ ಅದನ್ನೂ ನಂಬಬೇಡಿ. ಆ ಯಂತ್ರದ ಪೊರೆ ಫ್ಲೋರೈಡನ್ನು ತಡೆಯುತ್ತದೆ, ಆದರೆ ಕೆಲವು ಸಣ್ಣ ದ್ರಾವಕಗಳು ಅದನ್ನು ದಾಟಿ ಬರುತ್ತವೆ. ಪರೀಕ್ಷೆಯ ಫಲಿತಾಂಶ ಕೈಗೆ ಬರುವವರೆಗೆ ಆ ನೀರನ್ನು ಕುಡಿಯಲು, ಅಡುಗೆಗೆ, ಮಗುವಿನ ಸ್ನಾನಕ್ಕೆ ಬಳಸಬೇಡಿ. ಬೇರೆ ಮೂಲದ ನೀರು ಕೊಡಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಇಂದೇ ಅರ್ಜಿ ಬರೆದು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ.

ಇನ್ನು ವಾಸನೆ. ಬಣ್ಣದ ಅಂಗಡಿಯ ವಾಸನೆ ಎಂದಿದ್ದೀರಿ. ಟಾಲ್ಯೂಯಿನ್, ಝೈಲೀನ್ ಮುಂತಾದ ದ್ರಾವಕಗಳು ಹಾಗೆಯೇ ನಾರುತ್ತವೆ. ಕಚ್ಚಾ ತೈಲವನ್ನು ಸಂಸ್ಕರಿಸುವಾಗ ಸಿಗುವ ನಾಫ್ತಾದಿಂದ ಇವನ್ನು ತೆಗೆಯುತ್ತಾರೆ. ಪೆಟ್ರೋರಾಸಾಯನಿಕ ಉದ್ಯಮ ಎಂದರೆ ಮಂಗಳೂರಿನ ಸಂಸ್ಕರಣಾಗಾರ, ಗುಜರಾತಿನ ಜಾಮ್‌ನಗರ ಎಂದು ನಮ್ಮ ಕಡೆಯವರು ತಿಳಿಯುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಲ್ಲಿ ಒಂದೂ ತೈಲ ಸಂಸ್ಕರಣಾಗಾರ ಇಲ್ಲ ನಿಜ. ಆದರೆ ಬಣ್ಣ, ಅಂಟು, ಪ್ಲಾಸ್ಟಿಕ್, ಕೀಟನಾಶಕ, ಔಷಧದ ಮೂಲವಸ್ತು ತಯಾರಿಸುವ ಘಟಕಗಳೆಲ್ಲ ಅದೇ ತೈಲದ ಮಕ್ಕಳು, ಮೊಮ್ಮಕ್ಕಳು. ಅವುಗಳಿಗೆ ಡ್ರಮ್ಮು, ಟ್ಯಾಂಕರುಗಳಲ್ಲಿ ಬರುವ ದ್ರಾವಕ ಅಲ್ಲಿಂದಲೇ ಬಂದದ್ದು.

ಕೊಳೆತ ಮೊಟ್ಟೆಯ ವಾಸನೆ ಬೇರೆ ವರ್ಗದ್ದು, ಗಂಧಕದ ಅನಿಲಗಳದ್ದು. ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಇದ್ದರೆ ಒಂದು ಮಾತು ನೆನಪಿಡಿ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗ ಆ ಅನಿಲ ಸೇರಿದರೆ ಮೂಗು ಅದನ್ನು ಗುರುತಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಕಟುವಾಗಿ ಬಂದ ವಾಸನೆ ಏಕಾಏಕಿ ನಿಂತಂತೆ ಅನಿಸಿ, ತಲೆ ಸುತ್ತುತ್ತಿದ್ದರೆ ಅಪಾಯ ಕಳೆಯಿತೆಂದು ಮಲಗಬೇಡಿ. ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಎತ್ತರದ ಜಾಗಕ್ಕೆ ಎಲ್ಲರನ್ನೂ ಕರೆದುಕೊಂಡು ಹೋಗಿ.

ರಾತ್ರಿಯೇ ಏಕೆ? ಬಿಸಿಲಿನ ಹೊತ್ತಿನಲ್ಲಿ ನೆಲ ಕಾದು ಗಾಳಿ ಮೇಲೇರುತ್ತದೆ, ವಾಸನೆಯನ್ನೂ ಎತ್ತಿಕೊಂಡು ಹೋಗಿ ಚದುರಿಸುತ್ತದೆ. ರಾತ್ರಿ ನೆಲ ತಣ್ಣಗಾದಾಗ ಅದರ ಮೇಲಿನ ತಂಪು ಗಾಳಿ ಮೇಲೇಳದೆ ಕಂಬಳಿ ಹೊದ್ದಂತೆ ಬಿದ್ದಿರುತ್ತದೆ. ಟಾಲ್ಯೂಯಿನ್ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಗಾಳಿ ಅಲುಗದ ರಾತ್ರಿ ಇಂಥ ಆವಿಯ ತೆರೆ ನೆಲವನ್ನೇ ತಬ್ಬಿಕೊಂಡು ಕೆರೆಯಂಗಳ, ಹಳ್ಳ, ತಗ್ಗಿನ ಮನೆಗಳ ಕಡೆ ಹರಿಯುತ್ತದೆ. ಮಳೆಗಾಲದಲ್ಲಿ ನಮ್ಮ ಬಯಲುಸೀಮೆಯಲ್ಲಿ ಗಾಳಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದಿಂದ ಬೀಸುತ್ತದೆ. ಆದ್ದರಿಂದ ಒಂದೇ ಕಾರ್ಖಾನೆಯ ವಾಸನೆ ಆಷಾಢದಲ್ಲಿ ಒಂದು ಊರಿಗೆ, ಪುಷ್ಯದಲ್ಲಿ ಇನ್ನೊಂದು ಊರಿಗೆ ಹೋಗುತ್ತದೆ. ಆ ಇನ್ನೊಂದು ಊರಿನವರನ್ನು ಹುಡುಕಿ ಮಾತನಾಡಿಸಿ.

ಇದಕ್ಕೆ ಪ್ರಕೃತಿ ಮಾತ್ರ ಕಾರಣವಲ್ಲ. ಕೆಲವು ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ ನಾನು ಹೋಗಿದ್ದೆ. ನಿಮ್ಮಂತೆಯೇ ಹಸು ಕಟ್ಟಿಕೊಂಡ ಒಬ್ಬ ತಾಯಿ ಡೈರಿಯ ಹಾಲಿನ ಪುಸ್ತಕ ತಂದು ನನ್ನ ಮುಂದಿಟ್ಟರು. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು ಎಂಬ ಅಂಕಣಗಳ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್‌ನಿಂದ ‘ವಾ 2.30’, ‘ವಾ 1, ಜೋರು’, ‘ವಾ ಇಲ್ಲ’ ಎಂದು ಬರೆದಿತ್ತು. ವಾ ಎಂದರೆ ವಾಸನೆ. ಹಾಲು ಕರೆಯಲು ಏಳುವ ಹೆಂಗಸು, ಎದ್ದಾಗಲೆಲ್ಲ ಒಂದು ಅಕ್ಷರ, ಒಂದು ಅಂಕಿ ಬರೆದಿಟ್ಟಿದ್ದರು. ಏಳು ತಿಂಗಳ ಲೆಕ್ಕ. ಒಟ್ಟು ಮಾಡಿ ನೋಡಿದರೆ ರಾತ್ರಿ ಹನ್ನೊಂದು ಗಂಟೆಗೆ ಮೊದಲು ವಾಸನೆ ಬಂದದ್ದು ತೀರಾ ಕಡಿಮೆ, ಭಾನುವಾರದ ರಾತ್ರಿಗಳಲ್ಲಿ ಬಹಳ ಹೆಚ್ಚು. ಚಳಿಗೆ ಭಾನುವಾರ ಗೊತ್ತಿರುವುದಿಲ್ಲ. ಆ ಪುಟಗಳ ನಕಲನ್ನು ದೂರಿಗೆ ಲಗತ್ತಿಸಿ, ಈ ಹೊತ್ತಿಗೇ ತಪಾಸಣೆ ಮಾಡಿ ಎಂದು ಕೇಳಿದೆವು. ಒಂದು ಭಾನುವಾರ ರಾತ್ರಿ ಅಧಿಕಾರಿಗಳು ಬಂದಾಗ, ಹೊರಬರುವ ಅನಿಲವನ್ನು ತೊಳೆಯಬೇಕಾದ ಸ್ಕ್ರಬ್ಬರಿನ ಪಂಪು ನಿಂತಿತ್ತು. ವಿದ್ಯುತ್ತು ಮತ್ತು ಕಾಸ್ಟಿಕ್ ಸೋಡಾದ ಖರ್ಚು ಉಳಿಸಲು ರಾತ್ರಿ ಪಾಳಿಯಲ್ಲಿ ಅದನ್ನು ನಿಲ್ಲಿಸುತ್ತಿದ್ದರು. ಮಾಲಿನ್ಯ ತಡೆಯುವ ಯಂತ್ರಗಳಿಗೆ ಪ್ರತ್ಯೇಕ ವಿದ್ಯುತ್ ಮೀಟರ್ ಇರಬೇಕೆಂಬ ಷರತ್ತು, ಮಾಲಿನ್ಯ ನಿಯಂತ್ರಣ ಮಂಡಳಿ ಕಾರ್ಖಾನೆಗಳಿಗೆ ಕೊಡುವ ಎಷ್ಟೋ ಸಮ್ಮತಿ ಪತ್ರಗಳಲ್ಲಿ ಇರುತ್ತದೆ. ನಿಮ್ಮ ಕಾರ್ಖಾನೆಯ ಪತ್ರದಲ್ಲೂ ಇದ್ದರೆ ಆ ಮೀಟರಿನ ತಿಂಗಳವಾರು ಅಂಕಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಪಂಪು ಓಡಿದೆಯೋ ಇಲ್ಲವೋ ಎಂಬುದನ್ನು ಮೀಟರು ಹೇಳುತ್ತದೆ.

‘ಮಿತಿಯೊಳಗಿದೆ’ ಎಂದರಲ್ಲ, ಯಾವುದರ ಮಿತಿ ಎಂದು ಕೇಳಿದ್ದೀರಾ? 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡದಲ್ಲಿ ಇರುವುದು 12 ಮಾಲಿನ್ಯಕಾರಕಗಳು. ದೂಳು, ಗಂಧಕದ ಡೈಆಕ್ಸೈಡ್, ಸಾರಜನಕದ ಡೈಆಕ್ಸೈಡ್, ಓಝೋನ್, ಸೀಸ ಮೊದಲಾದವು. ಪೆಟ್ರೋರಾಸಾಯನಿಕಗಳ ಪೈಕಿ ಬೆಂಜೀನ್ ಇದೆ, ಘನ ಮೀಟರಿಗೆ ವರ್ಷದ ಸರಾಸರಿ 5 ಮೈಕ್ರೋಗ್ರಾಂ ಎಂದು. ಟಾಲ್ಯೂಯಿನ್ ಆ ಪಟ್ಟಿಯಲ್ಲಿ ಇಲ್ಲ, ಔಷಧ ಘಟಕಗಳು ಹೇರಳವಾಗಿ ಬಳಸುವ ಮೆಥಿಲೀನ್ ಕ್ಲೋರೈಡೂ ಇಲ್ಲ. ಹಗಲಿನಲ್ಲಿ ದೂಳು ಅಳೆಯುವ ಯಂತ್ರ ಇಟ್ಟು ಬರೆದ ವರದಿ ಸುಳ್ಳಾಗಿರಬೇಕಿಲ್ಲ, ಅದು ನಿಮ್ಮ ಪ್ರಶ್ನೆಗೆ ಕೊಟ್ಟ ಉತ್ತರ ಅಲ್ಲ, ಅಷ್ಟೆ. ಈ ಕಾರ್ಖಾನೆ ಬಳಸುವ ದ್ರಾವಕಗಳ ಪಟ್ಟಿ ಕೊಡಿ, ಅವನ್ನೇ ಹೆಸರಿಸಿ ಅಳೆಯಿರಿ ಎಂದು ಬರೆದು ಕೇಳಿ. ಅಪಾಯಕಾರಿ ರಾಸಾಯನಿಕ, ತ್ಯಾಜ್ಯಗಳನ್ನು ಇಟ್ಟುಕೊಂಡ ಘಟಕಗಳು ಅವುಗಳ ಹೆಸರು ಮತ್ತು ಪ್ರಮಾಣವನ್ನು ಗೇಟಿನ ಹೊರಗೆ ಫಲಕದಲ್ಲಿ ಬರೆಯಬೇಕೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಆದೇಶಿಸಿದೆ. ಆ ಫಲಕ ಇದೆಯೇ, ಅಕ್ಷರ ಮಾಸಿಹೋಗಿದೆಯೇ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ನೀರಿನ ಪರೀಕ್ಷೆಯಲ್ಲೂ ಇದೇ ಮೋಸ ಆಗುತ್ತದೆ. ಮಾಮೂಲಿ ಪ್ರಯೋಗಾಲಯ ಗಡಸುತನ, ಲವಣಾಂಶ, ಫ್ಲೋರೈಡ್, ನೈಟ್ರೇಟ್ ನೋಡಿ ಕೊಟ್ಟುಬಿಡುತ್ತದೆ. ದ್ರಾವಕದ ಸುದ್ದಿಯೇ ಅದರಲ್ಲಿ ಬರುವುದಿಲ್ಲ. ‘ಆವಿಯಾಗುವ ಸಾವಯವ ವಸ್ತುಗಳ ಪರೀಕ್ಷೆ’ ಎಂದು ಕೇಳಿ ಮಾಡಿಸಬೇಕು. ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿಯಬಾರದು. ಪ್ರಯೋಗಾಲಯದವರೇ ಕೊಡುವ ಗಾಜಿನ ಸೀಸೆಯಲ್ಲಿ ಅಂಚಿನವರೆಗೆ ತುಂಬಿ, ಒಳಗೆ ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಿ, ಮಂಜುಗಡ್ಡೆಯ ಡಬ್ಬಿಯಲ್ಲಿ ಬೇಗ ತಲುಪಿಸಬೇಕು. ಅರ್ಧ ತುಂಬಿದ ಸೀಸೆಯಲ್ಲಿ ದ್ರಾವಕ ಮೇಲಿನ ಖಾಲಿ ಜಾಗಕ್ಕೆ ಹೋಗುತ್ತದೆ, ಮುಚ್ಚಳ ತೆಗೆದ ಕೂಡಲೇ ಹಾರಿಹೋಗುತ್ತದೆ. ನೀವು ಮಾಡಿಸಿದ ಪರೀಕ್ಷೆ ಜಲ ಕಾಯ್ದೆಯ ಮೊಕದ್ದಮೆಯಲ್ಲಿ ನೇರ ಸಾಕ್ಷ್ಯವಾಗುವುದಿಲ್ಲ. ಅದಕ್ಕೆ 21ನೇ ಸೆಕ್ಷನ್ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ಮಾದರಿ ತೆಗೆಯಬೇಕು. ಆದರೂ ಮಾಡಿಸಿ. ಹೆಸರು, ಪ್ರಮಾಣ ಇರುವ ಕಾಗದ ಕೈಯಲ್ಲಿದ್ದರೆ ಮಂಡಳಿ ಬಂದು ಮಾದರಿ ತೆಗೆಯದೆ ಇರುವುದು ಕಷ್ಟ.

‘ಪಕ್ಕದ ಹೊಲದ ಕೊಳವೆಬಾವಿ ಚೆನ್ನಾಗಿದೆಯಲ್ಲ’ ಎಂದು ವಾದಿಸುವವರೂ ಬರುತ್ತಾರೆ. ಕೋಲಾರದ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ಅದರ ಸೀಳುಗಳಲ್ಲಿ ಮಾತ್ರ ಹರಿಯುತ್ತದೆ. ಒಂದು ಸೀಳು ಅರ್ಧ ಕಿಲೋಮೀಟರ್ ಆಚೆಗೂ ವಿಷ ಒಯ್ಯಬಹುದು, ನಡುವೆ ಇರುವ ಬಾವಿಗೆ ಏನೂ ತಾಕದೆ ಇರಬಹುದು.

ಈಗ ನೀವು ಕೇಳಿದ ದೊಡ್ಡ ಮಾತು, ಪರಿಸರ ನ್ಯಾಯ. 1982ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ವಾರೆನ್ ಕೌಂಟಿಯಲ್ಲಿ, ಬಡ ಕಪ್ಪು ಜನ ಹೆಚ್ಚಾಗಿರುವ ಜಾಗದಲ್ಲಿ, ಪಿಸಿಬಿ ಎಂಬ ವಿಷ ಬೆರೆತ ಮಣ್ಣನ್ನು ತಂದು ಹೂಳಲು ಸರ್ಕಾರ ಹೊರಟಿತು. ಜನ ಲಾರಿಗಳ ಮುಂದೆ ರಸ್ತೆಯಲ್ಲಿ ಮಲಗಿದರು, 500ಕ್ಕೂ ಹೆಚ್ಚು ಮಂದಿ ಬಂಧನಕ್ಕೆ ಒಳಗಾದರು. ಲಾರಿಗಳು ನಿಲ್ಲಲಿಲ್ಲ. ಆದರೆ ‘ಕಸ ಯಾವಾಗಲೂ ನಮ್ಮ ಅಂಗಳಕ್ಕೇ ಏಕೆ ಬರುತ್ತದೆ’ ಎಂಬ ಪ್ರಶ್ನೆ ಅಲ್ಲಿಂದ ದೇಶಾದ್ಯಂತ ಹಬ್ಬಿತು. ಲೂಸಿಯಾನ ರಾಜ್ಯದ ಮಿಸಿಸಿಪ್ಪಿ ನದಿ ದಂಡೆಯಲ್ಲಿ ಸಾಲುಗಟ್ಟಿದ ಪೆಟ್ರೋರಾಸಾಯನಿಕ ಕಾರ್ಖಾನೆಗಳ ಪಟ್ಟಿಯನ್ನು ಅಲ್ಲಿನವರು ‘ಕ್ಯಾನ್ಸರ್ ಓಣಿ’ ಎಂದೇ ಕರೆಯುತ್ತಾರೆ. ಅಲ್ಲೂ ಪ್ರಶ್ನೆ ಇದೇ.

ನಿಮಗೆ ಇದನ್ನು ಅರ್ಥ ಮಾಡಿಸಲು ನಾನು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಕೆಜಿಎಫ್‌ಗೆ ಹೋದರೆ ಸಾಕು. ನೂರಿಪ್ಪತ್ತು ವರ್ಷ ಚಿನ್ನ ತೆಗೆದು 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದರು. ಚಿನ್ನ ಊರು ಬಿಟ್ಟು ಹೋಯಿತು. ಸಯನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ದಿಬ್ಬಗಳು, ಸುಮಾರು 3.3 ಕೋಟಿ ಟನ್, ಕಾರ್ಮಿಕರ ಲೈನು ಮನೆಗಳ ಬೆನ್ನಿಗೇ ಉಳಿದವು. ಬಿರುಗಾಳಿಗೆ ಆ ಪುಡಿ ಎದ್ದರೆ ಬೀಳುವುದು ಗಣಿಗೆ ಇಳಿದವರ ಮಕ್ಕಳು ಮೊಮ್ಮಕ್ಕಳ ತಟ್ಟೆಗೆ. ಲಾಭ ಎಲ್ಲಿಗೆ ಹೋಯಿತು, ಹೊರೆ ಯಾರ ಮೇಲೆ ಬಿತ್ತು, ಅದನ್ನು ಅವರ ಮೇಲೆ ಹೊರಿಸುವ ಮೊದಲು ಅವರನ್ನು ಕೇಳಿದರೇ? ಪರಿಸರ ನ್ಯಾಯ ಎಂದರೆ ಈ ಮೂರು ಪ್ರಶ್ನೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿಸಿದಾಗ ಜಿಲ್ಲೆಯ ಜನ ಮೂರನೇ ಹಂತವನ್ನೂ ಮಾಡಿ ಎಂದು ಕೇಳಿದ್ದು ಇದೇ ನ್ಯಾಯವನ್ನು. ಕೆರೆ ತುಂಬಿತೆಂದು ನಾನೂ ಸಂತೋಷಪಟ್ಟವನು. ಆದರೂ ಆ ಬೇಡಿಕೆ ಸರಿಯಾದದ್ದೆಂದೇ ಇಂದಿಗೂ ನಂಬಿದ್ದೇನೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ನೀವು ಎಣಿಸಿದ್ದಕ್ಕಿಂತ ಬಲವಾಗಿ ನಿಮ್ಮ ಪರ ಇದೆ. 1984ರ ಭೋಪಾಲ್ ದುರಂತಕ್ಕೆ ಸರಿಯಾಗಿ ಒಂದು ವರ್ಷ ತುಂಬಿದಾಗ ದೆಹಲಿಯ ಒಂದು ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪಾಯಕಾರಿ ಉದ್ಯಮ ನಡೆಸುವವನು ಎಷ್ಟೇ ಎಚ್ಚರ ವಹಿಸಿದ್ದೆ ಎಂದರೂ ಆದ ಹಾನಿಗೆ ಸಂಪೂರ್ಣ ಹೊಣೆ ಎಂದಿತು. ರಾಜಸ್ಥಾನದ ಬಿಛ್ಡಿ ಗ್ರಾಮದಲ್ಲಿ ಬಣ್ಣದ ಉದ್ಯಮಕ್ಕೆ ಬೇಕಾದ ಎಚ್-ಆಸಿಡ್ ತಯಾರಿಸಿದವರು ಕೆಸರನ್ನು ಬಯಲಿಗೆ ಸುರಿದು ಊರಿನ ಬಾವಿಗಳನ್ನೆಲ್ಲ ಕೆಡಿಸಿದ್ದರು. ಕೆಡಿಸಿದವನೇ ಶುದ್ಧಿಯ ಖರ್ಚನ್ನೂ ಕೊಡಬೇಕೆಂದು 1996ರಲ್ಲಿ ತೀರ್ಪಾಯಿತು. ಅದೇ ವರ್ಷ ವೆಲ್ಲೂರಿನ ಚರ್ಮೋದ್ಯಮದ ಪ್ರಕರಣದಲ್ಲಿ ನ್ಯಾಯಾಲಯ ಹೇಳಿದ ಮಾತನ್ನಂತೂ ನೀವು ಬಾಯಿಪಾಠ ಮಾಡಿಕೊಳ್ಳಬೇಕು: ತನ್ನ ಕೆಲಸದಿಂದ ಪರಿಸರಕ್ಕೆ ಹಾನಿ ಇಲ್ಲವೆಂದು ರುಜುವಾತು ಮಾಡುವ ಭಾರ ಉದ್ಯಮಿಯದು. ಹಾನಿ ಇದೆ ಎಂದು ಊರಿನವರು ರುಜುವಾತು ಮಾಡಬೇಕಿಲ್ಲ. ಆದರೆ ಕಚೇರಿಯ ಮೇಜಿನ ಮುಂದೆ ನಿಂತಾಗ ಭಾರವೆಲ್ಲ ನಿಮ್ಮ ತಲೆಗೇ ಬರುತ್ತದೆ, ನನಗೆ ಗೊತ್ತು. ಬಿಛ್ಡಿಯ ಹಣದ ವಸೂಲಿಗೆ 2011ರಲ್ಲೂ ಸುಪ್ರೀಂ ಕೋರ್ಟ್ ಮತ್ತೆ ಆದೇಶ ಮಾಡಬೇಕಾಯಿತು. ಹಾಲಿನ ಪುಸ್ತಕದ ಬಗ್ಗೆ ಇಷ್ಟುದ್ದ ಬರೆದದ್ದು ಅದಕ್ಕೇ. ಭಾರವನ್ನು ಅದು ಸೇರಬೇಕಾದ ಕಡೆ ಇಳಿಸಲು ನಿಮ್ಮ ಕೈಯಲ್ಲಿ ತಾರೀಖು, ಗಂಟೆ, ಗಾಳಿಯ ದಿಕ್ಕು ಇರಬೇಕು.

ಊರಿನ ಹುಡುಗರ ಕೆಲಸದ ಮಾತಿಗೆ ನೀವು ತಲೆ ತಗ್ಗಿಸಬೇಡಿ, ಆ ಹುಡುಗರನ್ನು ಎದುರಾಳಿಗಳನ್ನಾಗಿಯೂ ಮಾಡಿಕೊಳ್ಳಬೇಡಿ. ಆ ಅನಿಲವನ್ನು ಎಲ್ಲರಿಗಿಂತ ಹೆಚ್ಚು, ಎಲ್ಲರಿಗಿಂತ ಮೊದಲು ಕುಡಿಯುವವರು ಅವರೇ. ಡ್ರಮ್ಮು ತೊಳೆಯುವ, ಟ್ಯಾಂಕಿಗೆ ಇಳಿಯುವ ಕೆಲಸಕ್ಕೆ ಗುತ್ತಿಗೆಯ ಹುಡುಗರನ್ನು ಕಳುಹಿಸುತ್ತಾರೆ. ಸ್ಕ್ರಬ್ಬರ್ ಓಡಿದರೆ ಒಬ್ಬರ ಕೆಲಸವೂ ಹೋಗುವುದಿಲ್ಲ, ಅದನ್ನು ಓಡಿಸಲು ಇನ್ನೊಬ್ಬರು ಬೇಕಾಗುತ್ತಾರೆ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಒಂದು ಕಾರ್ಖಾನೆಯಿಂದ ಸ್ಟೈರೀನ್ ಎಂಬ ರಾಸಾಯನಿಕದ ಆವಿ ಸೋರಿದಾಗ ಸತ್ತವರು ಕಾರ್ಖಾನೆಯ ಗೋಡೆಯಾಚೆ ನಿದ್ದೆಯಲ್ಲಿದ್ದ ಊರಿನ ಜನ. ಆ ಘಟಕ ಪರಿಸರ ಅನುಮತಿಯನ್ನೇ ಪಡೆಯದೆ ವರ್ಷಗಟ್ಟಲೆ ನಡೆದಿತ್ತು. ಇಂಥ ಅವಘಡ ಆದರೆ ಊರಿನವರು ಯಾವ ಕಡೆ ಓಡಬೇಕು, ಯಾರು ಸೈರನ್ ಕೊಡಬೇಕು ಎಂಬ ಯೋಜನೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ಗುಂಪಿನ ಬಳಿ ಇರಬೇಕೆಂದು 1996ರ ರಾಸಾಯನಿಕ ಅವಘಡ ನಿಯಮಗಳು ಹೇಳುತ್ತವೆ. ಕಾರ್ಖಾನೆ ಆ ನಿಯಮಗಳ ವ್ಯಾಪ್ತಿಗೆ ಬರುತ್ತದೆಯೇ, ಅಣಕು ಕಾರ್ಯಾಚರಣೆ ಎಂದಾದರೂ ನಡೆದಿದೆಯೇ ಕೇಳಿ. ಹುಡುಗರೂ ನಿಮ್ಮ ಜೊತೆ ನಿಂತು ಕೇಳಬಹುದಾದ ಪ್ರಶ್ನೆ ಇದು.

ನಿಮ್ಮ ಹುಳುಗಳ ಬಗ್ಗೆ ಪತ್ರದಲ್ಲಿ ಏನೂ ಬರೆದಿಲ್ಲ, ಆದರೂ ಒಂದು ಎಚ್ಚರಿಕೆ. ರೇಷ್ಮೆ ಹುಳು ಬಹಳ ಸೂಕ್ಷ್ಮ. ಎಲೆಯ ಮೇಲೆ ಕುಳಿತ ಫ್ಲೋರೈಡಾಗಲಿ, ಕೀಟನಾಶಕದ ಸೋಂಕಾಗಲಿ ತಾಳಿಕೊಳ್ಳುವುದಿಲ್ಲ. ಹಾಗೆಂದು ಹುಳು ಸತ್ತಾಗಲೆಲ್ಲ ಕಾರ್ಖಾನೆಯತ್ತ ಬೆರಳು ಮಾಡಿದರೆ, ಅದು ಹಾಲುತೊಂಡೆಯೋ ಸಪ್ಪೆ ರೋಗವೋ ಆಗಿದ್ದ ಪಕ್ಷದಲ್ಲಿ ನಿಮ್ಮ ಉಳಿದ ದೂರೂ ಬಿದ್ದುಹೋಗುತ್ತದೆ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುಗಳು ಸೊಪ್ಪು ಮುಟ್ಟದೆ ಇದ್ದರೆ ಹುಳು ಮತ್ತು ಸೊಪ್ಪು ಎರಡನ್ನೂ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಕ್ಕೆ ಒಯ್ದು ಕಾರಣವನ್ನು ಬರವಣಿಗೆಯಲ್ಲಿ ಪಡೆಯಿರಿ.

ಕೊನೆಗೆ ವಿಸ್ತರಣೆ. ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯ ಪ್ರಕಾರ ಇಂಥ ಘಟಕಕ್ಕೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಆದರೆ ಅನುಮೋದಿತ ಕೈಗಾರಿಕಾ ಪ್ರದೇಶದ ಒಳಗಿನ ಘಟಕಗಳಿಗೆ ಅದೇ ಅಧಿಸೂಚನೆ ಸಭೆಯಿಂದ ವಿನಾಯಿತಿ ಕೊಡುತ್ತದೆ. ನನ್ನ ಮಟ್ಟಿಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳ ಪಾಲಿಗೆ ಇರುವ ಅತಿ ದೊಡ್ಡ ಅನ್ಯಾಯ ಇದು. ಹತ್ತಾರು ಕಾರ್ಖಾನೆ ಒಂದೆಡೆ ಸೇರಿದಾಗ ಪಕ್ಕದ ಊರಿನ ಮಾತು ಹೆಚ್ಚು ಕೇಳಬೇಕು, ಇಲ್ಲಿ ಕೇಳುವುದೇ ಇಲ್ಲ. 2020ರ ಮಾರ್ಚ್ 27ರಂದು, ಕೋವಿಡ್ ಕಾಲದಲ್ಲಿ, ಔಷಧದ ಮೂಲವಸ್ತು ಘಟಕಗಳನ್ನೂ ಅಹವಾಲು ಬೇಡದ ವರ್ಗಕ್ಕೆ ತಾತ್ಕಾಲಿಕವಾಗಿ ಸೇರಿಸಿದರು, ಮುಂದೆ ಅವಧಿಯನ್ನೂ ವಿಸ್ತರಿಸಿದರು. ಆದ್ದರಿಂದ ನಿಮ್ಮ ಮೊದಲ ಮಾಹಿತಿ ಹಕ್ಕಿನ ಅರ್ಜಿ, ಹತ್ತು ರೂಪಾಯಿಯದು, ಹೀಗಿರಲಿ: ಈ ಕೈಗಾರಿಕಾ ಪ್ರದೇಶಕ್ಕೆ ಪರಿಸರ ಅನುಮತಿ ಇದೆಯೇ, ಯಾವ ತಾರೀಖಿನದು? ಈ ಘಟಕ ವಿನಾಯಿತಿಯನ್ನು ಯಾವ ಆಧಾರದ ಮೇಲೆ ಪಡೆದಿದೆ? ಅದರ ಅನುಮತಿ ಪತ್ರ, ಸಮ್ಮತಿ ಪತ್ರ, ಆರು ತಿಂಗಳಿಗೊಮ್ಮೆ ಸಲ್ಲಿಸುವ ಪಾಲನಾ ವರದಿಗಳ ನಕಲು ಕೊಡಿ. ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲೂ ಇವುಗಳಲ್ಲಿ ಕೆಲವು ಸಿಗುತ್ತವೆ. ಹುಡುಗರಿಗೆ ಹುಡುಕಲು ಹೇಳಿ.

ಅಹವಾಲು ಸಭೆ ನಡೆಯುವುದಾದರೆ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಬಹಿಷ್ಕರಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಸಭೆಗೆ ಇಷ್ಟು ಜನ ಬರಲೇಬೇಕೆಂಬ ನಿಯಮ ಇಲ್ಲ. ನೀವು ಹೊರಗೆ ಧಿಕ್ಕಾರ ಕೂಗುತ್ತಿದ್ದರೆ ಒಳಗೆ ಸಭೆ ಮುಗಿದು ‘ಆಕ್ಷೇಪಣೆ ಇಲ್ಲ’ ಎಂದು ದಾಖಲಾಗಿಬಿಡುತ್ತದೆ. ಒಳಗೆ ಹೋಗಿ, ಆ ತಾಯಿಯಂತೆ ನೀವೂ ವಾಸನೆಯ ಲೆಕ್ಕ ಬರೆದಿಟ್ಟ ಪುಸ್ತಕದ ಪುಟಗಳನ್ನು ಲಿಖಿತ ಆಕ್ಷೇಪಣೆಗೆ ಲಗತ್ತಿಸಿ ಕೊಡಿ, ಕೊನೆಯಲ್ಲಿ ಓದುವ ನಡಾವಳಿಯಲ್ಲಿ ನಿಮ್ಮ ಮಾತು ಬಂತೇ ಎಂದು ಕಿವಿಗೊಟ್ಟು ಕೇಳಿ.

ಇದ್ಯಾವುದೂ ಫಲಿಸದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ, ನಮ್ಮ ಭಾಗದ ಪೀಠ ಚೆನ್ನೈಯಲ್ಲಿ. ಅಲ್ಲಿ ದಿನಗಳ ಲೆಕ್ಕ ಕಟ್ಟುನಿಟ್ಟು. ಮಾಲಿನ್ಯ ನಿಲ್ಲಿಸಿ ಎಂಬ ಅರ್ಜಿಗೆ, ತೊಂದರೆ ಮೊದಲು ಕಂಡ ದಿನದಿಂದ ಆರು ತಿಂಗಳು. ಕೆಟ್ಟ ಕೊಳವೆಬಾವಿಗೆ, ಬೆಳೆಗೆ ಪರಿಹಾರ ಕೇಳಲು ಐದು ವರ್ಷ. ವಿಸ್ತರಣೆಗೆ ಕೊಟ್ಟ ಪರಿಸರ ಅನುಮತಿಯ ವಿರುದ್ಧ ಮೇಲ್ಮನವಿಗೆ 30 ದಿನ, ಸಕಾರಣ ತೋರಿಸಿದರೆ ಇನ್ನೂ 60 ದಿನ. ಅನುಮತಿಯ ಆದೇಶದ ನಕಲು ಗ್ರಾಮ ಪಂಚಾಯಿತಿಗೂ ಬರಬೇಕೆಂಬ ಷರತ್ತು ಸಾಮಾನ್ಯವಾಗಿ ಆ ಆದೇಶದಲ್ಲೇ ಇರುತ್ತದೆ, ಆದರೆ ಬಂದದ್ದು ಕಪಾಟು ಸೇರಿ ಊರಿಗೆ ತಿಳಿಯುವಷ್ಟರಲ್ಲಿ ಈ ಅವಧಿ ಕಳೆದಿರುತ್ತದೆ. ಡೈರಿಗೆ ಹಾಲು ಹಾಕಲು ಹೋದಾಗ ವಾರಕ್ಕೊಮ್ಮೆ ಪಂಚಾಯಿತಿ ಕಚೇರಿಗೂ ಹೋಗಿ ಆ ಪತ್ರ ಬಂತೇ ಎಂದು ವಿಚಾರಿಸಿ.